ಪಕ್ಕದ ಬೆಡ್ಡಿನ ಬೆಲ್ಲಿಗೆ ಏಳುವವರು: ವಾರ್ಡ್ ಇನ್‌ಚಾರ್ಜ್‌ಗಳಿಗೊಂದು ಮಾರ್ಗದರ್ಶಿ

ರಾತ್ರಿ ಎರಡೂವರೆ. ವಾರ್ಡಿನ ತುದಿಯ ಬೆಡ್ಡಿನಿಂದ ಬೆಲ್ ಹೊಡೆಯುತ್ತದೆ. ಆ ರೋಗಿಯ ಹೊಣೆ ಹೊತ್ತ ಸಿಸ್ಟರ್ ಬೇರೊಬ್ಬರಿಗೆ ಆಗತಾನೇ ರಕ್ತ ಹಾಕಲು ಶುರು ಮಾಡಿದ್ದಾರೆ. ಮೊದಲ 15 ನಿಮಿಷ ಅಲ್ಲಿಂದ ಕದಲುವಂತಿಲ್ಲ. ಒಂದು ವಾರ್ಡಿನಲ್ಲಾದರೆ, ಅದೇ ಈಗ ಕುರ್ಚಿಗೆ ಬೆನ್ನು ತಾಗಿಸಿದ್ದ ಇನ್ನೊಬ್ಬರು ‘ನಾನು ನೋಡ್ತೀನಿ, ನೀವಿರಿ’ ಎಂದು ಏಳುತ್ತಾರೆ. ಇನ್ನೊಂದು ವಾರ್ಡಿನಲ್ಲಿ ಬೆಲ್ ತನ್ನ ಪಾಡಿಗೆ ಹೊಡೆದುಕೊಳ್ಳುತ್ತಲೇ ಇರುತ್ತದೆ. ಕೇಳಿದರೆ ಉತ್ತರ ಸಿದ್ಧ: ‘ಅದು ನನ್ನ ಬೆಡ್ ಅಲ್ಲ.’

ಎರಡೂ ಕಡೆ ಓದಿದ್ದು ಒಂದೇ, ಸಂಬಳ ಒಂದೇ, ತೊಟ್ಟ ಸಮವಸ್ತ್ರವೂ ಒಂದೇ. ಹಾಗಾಗಿ ವ್ಯತ್ಯಾಸವನ್ನು ಜನರ ಗುಣಕ್ಕೆ ಹಚ್ಚುವುದು ಸುಲಭ. ನಾನೂ ಬಹಳ ದಿನ ಹಾಗೇ ಮಾಡಿದೆ. ‘ಕಡ್ಡಿ ಎತ್ತಿಡುವವರಲ್ಲ’ ಎಂಬ ಹೆಸರು ಹೊತ್ತು ಬೇರೆ ವಾರ್ಡಿನಿಂದ ನಮ್ಮಲ್ಲಿಗೆ ಬಂದ ಸಿಸ್ಟರ್ ಒಬ್ಬರು, ಕೆಲವೇ ತಿಂಗಳಲ್ಲಿ ಯಾರೂ ಹೇಳದೆಯೇ ಹೊಸಬರ ಕೈ ಹಿಡಿದು ಕ್ಯಾನುಲಾ (ರಕ್ತನಾಳಕ್ಕೆ ಹಾಕುವ ಸಣ್ಣ ಕೊಳವೆ) ಹಾಕುವುದನ್ನು ಕಲಿಸುತ್ತಿದ್ದರು. ನನ್ನ ಅತ್ಯುತ್ತಮ ನರ್ಸ್ ಎಂದು ನಾನು ಬೀಗುತ್ತಿದ್ದವರು ಇನ್ನೊಂದು ಕಡೆಗೆ ವರ್ಗವಾಗಿ, ಅಲ್ಲಿ ಗಡಿಯಾರ ನೋಡಿ ಹೊರಡುವವರಾದರು. ಮನುಷ್ಯರು ಅವರೇ. ಬದಲಾದದ್ದು ಸುತ್ತಲಿನದು.

ಈ ಲೇಖನ ಆ ಸುತ್ತಲಿನದರ ಬಗ್ಗೆ. ವಾರ್ಡ್ ಇನ್‌ಚಾರ್ಜ್‌ಗಳು (ಒಂದೊಂದು ವಾರ್ಡಿನ ಹೊಣೆ ಹೊತ್ತ ಹಿರಿಯ ನರ್ಸ್‌ಗಳು), ಸೂಪರ್‌ವೈಸರ್‌ಗಳು, ನರ್ಸಿಂಗ್ ಸೂಪರಿಂಟೆಂಡೆಂಟರನ್ನು ಮನಸ್ಸಿನಲ್ಲಿಟ್ಟು ಬರೆದಿದ್ದೇನೆ. ಮೇಲಿನವರ ಸಹಿ ಇಲ್ಲದೆ ನೀವೇ ಮಾಡಬಹುದಾದದ್ದಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ.

ಮೊದಲು, ಯಾವುದು ಯಾವುದಕ್ಕೆ ಕಾರಣ

ಮನಶ್ಶಾಸ್ತ್ರಜ್ಞ ರಾಬರ್ಟ್ ಐಸೆನ್‌ಬರ್ಗರ್ ಮತ್ತು ಸಂಗಡಿಗರು 1986ರಲ್ಲಿ ಒಂದು ಸರಳ ಮಾತು ಮುಂದಿಟ್ಟರು. ಕೆಲಸಗಾರರು ತಾವು ದುಡಿಯುವ ಸಂಸ್ಥೆಯನ್ನು ಒಬ್ಬ ವ್ಯಕ್ತಿ ಎಂಬಂತೆ ನೋಡುತ್ತಾರೆ. ‘ಇವರಿಗೆ ನನ್ನ ಕೆಲಸದ ಬೆಲೆ ಗೊತ್ತಿದೆಯೇ? ನಾನು ಚೆನ್ನಾಗಿದ್ದೇನೋ ಇಲ್ಲವೋ ಎಂಬುದು ಇವರಿಗೆ ಬೇಕಾಗಿದೆಯೇ?’ ಎಂಬ ಲೆಕ್ಕ ಒಳಗೊಳಗೇ ನಡೆದಿರುತ್ತದೆ. ಆ ಲೆಕ್ಕದ ಉತ್ತರವೇ ಬೆಂಬಲ. ಆಡಳಿತ ಮಂಡಳಿ ತಾನು ಎಷ್ಟು ಕೊಟ್ಟೆ ಎಂದುಕೊಂಡಿದೆ ಎಂಬುದು ಇಲ್ಲಿ ಗಣನೆಗೆ ಬರುವುದಿಲ್ಲ, ನರ್ಸಿನ ಕೈಗೆ ಏನು ಮುಟ್ಟಿತು ಎಂಬುದಷ್ಟೇ ಬರುತ್ತದೆ. ಇಂಥ ಬೆಂಬಲ ಎಲ್ಲಿಂದ ಹುಟ್ಟುತ್ತದೆ ಎಂದು ನಡೆದ ಹತ್ತಾರು ಅಧ್ಯಯನಗಳನ್ನು 2002ರಲ್ಲಿ ಒಟ್ಟುಗೂಡಿಸಿ ನೋಡಿದಾಗ ಮೂರು ಮೂಲಗಳು ಎದ್ದು ಕಂಡವು: ನ್ಯಾಯವಾದ ನಡವಳಿಕೆ, ನೇರ ಮೇಲಧಿಕಾರಿಯ ಆಸರೆ, ಮತ್ತು ಸಂಬಳ, ಬಡ್ತಿ, ಕೆಲಸದ ಸ್ಥಿತಿಗತಿಗಳು. ಮೊದಲೆರಡು ಬಹುಪಾಲು ಇನ್‌ಚಾರ್ಜ್ ಕೈಯಲ್ಲೇ ಇರುವಂಥವು ಎಂಬುದನ್ನು ಗಮನಿಸಿ.

ಈ ಬೆಂಬಲ ಎರಡು ದಾರಿಯಲ್ಲಿ ಕೆಲಸ ಮಾಡುತ್ತದೆ. ಒಂದು, ಋಣದ ದಾರಿ. ನನಗೆ ಆಗಿಬಂದವರಿಗೆ ನಾನೂ ಆಗಬೇಕು ಎನ್ನಿಸುತ್ತದೆ. ಇನ್ನೊಂದು, ಶಕ್ತಿಯ ದಾರಿ. ಇದನ್ನು ಜನ ಮರೆಯುತ್ತಾರೆ. ಎಷ್ಟೇ ಒಳ್ಳೆಯ ಮನಸ್ಸಿದ್ದರೂ ಊಟ ಬಿಟ್ಟು ಎಂಟು ಗಂಟೆ ಓಡಾಡಿದ ಕಾಲು ಪಕ್ಕದ ಬೆಡ್ಡಿಗೆ ಏಳುವುದಿಲ್ಲ. ನೆರವು ಎಂಬುದು ತನ್ನ ಕೆಲಸ ಮುಗಿದ ಮೇಲೆ ಉಳಿದ ಶಕ್ತಿಯಿಂದ ಬರಬೇಕು, ಏನೂ ಉಳಿಯದಂತೆ ಹಿಂಡಿದರೆ ಬರುವುದಾದರೂ ಎಲ್ಲಿಂದ? ಕೆಲಸದಲ್ಲಿ ಮನಸ್ಸಿಟ್ಟು ತೊಡಗಿಕೊಳ್ಳುವುದರ ಬಗ್ಗೆ 1990ರಲ್ಲಿ ಬರೆದ ವಿಲಿಯಂ ಕಾನ್ ಕೂಡ ಅದಕ್ಕೆ ಮೂರು ಬೇಕು ಎಂದರು: ಮಾಡುವ ಕೆಲಸಕ್ಕೊಂದು ಅರ್ಥ, ಬಾಯಿಬಿಟ್ಟರೆ ಪೆಟ್ಟು ಬೀಳದು ಎಂಬ ಧೈರ್ಯ, ಮತ್ತು ಮೈಮನಸ್ಸಿನಲ್ಲಿ ಉಳಿದ ಕಸುವು. ನರ್ಸಿಂಗ್‌ನಲ್ಲಿ ಅರ್ಥಕ್ಕೆ ಬರವಿಲ್ಲ. ಕೊರತೆ ಬೀಳುವುದು ಉಳಿದೆರಡರಲ್ಲಿ.

ಇನ್ನು ನೆರವು. ಕೆಲಸದ ಕರಾರಿನಲ್ಲಿ ಬರೆದಿರದ, ಮಾಡದಿದ್ದರೆ ಯಾರೂ ಕೇಳಲಾಗದ, ಆದರೆ ಮಾಡಿದರೆ ಎಲ್ಲರ ಕೆಲಸ ಸಲೀಸಾಗುವ ನಡತೆಗೆ ಡೆನಿಸ್ ಆರ್ಗನ್ ಎಂಬ ವಿದ್ವಾಂಸರು 1980ರ ದಶಕದಲ್ಲಿ ಐದು ಮುಖ ಗುರುತಿಸಿದರು. ವಾರ್ಡಿನ ಭಾಷೆಯಲ್ಲಿ ಹೇಳುವುದಾದರೆ: ಜೊತೆಯವರ ಕೆಲಸಕ್ಕೆ ಕೈ ಹಚ್ಚುವುದು, ಯಾರೂ ನೋಡದಿದ್ದರೂ ಕೈ ತೊಳೆದೇ ಮುಂದಿನ ಬೆಡ್ಡಿಗೆ ಹೋಗುವುದು, ಸಣ್ಣಪುಟ್ಟ ಕಿರಿಕಿರಿಯನ್ನು ದೊಡ್ಡದು ಮಾಡದಿರುವುದು, ‘ಈ ಡ್ರಿಪ್ ಇನ್ನರ್ಧ ಗಂಟೆಗೆ ಮುಗಿಯುತ್ತೆ, ಹೊಸದು ತಂದಿಟ್ಟಿದ್ದೀನಿ’ ಎಂದು ಮುಂದಿನ ಶಿಫ್ಟಿಗೆ ಮೊದಲೇ ತಿಳಿಸುವುದು, ವಾರ್ಡಿನ ಮೀಟಿಂಗಿಗೆ ಬಂದು ಮಾತಾಡುವುದು. ಮೂರನೆಯದರ ಬಗ್ಗೆ ನನಗೆ ಸ್ವಲ್ಪ ತಕರಾರಿದೆ. ದೂರು ಹೇಳದವರನ್ನು ಹೊಗಳಿ ಹೊಗಳಿಯೇ ನಾವು ಎಷ್ಟೋ ಕೆಟ್ಟ ವ್ಯವಸ್ಥೆಗಳನ್ನು ಸಾಕಿಕೊಂಡಿದ್ದೇವೆ.

ಹೆಜ್ಜೆ 1: ಒಂದು ವಾರ ಏನನ್ನೂ ಬದಲಿಸಬೇಡಿ, ಬರೆದಿಡಿ

ಸಮೀಕ್ಷೆಯಿಂದ ಶುರು ಮಾಡಬೇಡಿ. ‘ನಿಮಗೆ ಬೆಂಬಲ ಸಿಗುತ್ತಿದೆಯೇ’ ಎಂಬ ಪ್ರಶ್ನೆಪತ್ರಿಕೆ ಹಂಚಿ ಆಮೇಲೆ ಏನೂ ಮಾಡದಿದ್ದರೆ, ಇದ್ದ ನಂಬಿಕೆಯೂ ಹೋಗುತ್ತದೆ. ಬದಲಿಗೆ ಒಂದು ಜೇಬು ಪುಸ್ತಕ ಇಟ್ಟುಕೊಳ್ಳಿ. ಏಳು ದಿನ, ಕನಿಷ್ಠ ಎರಡು ರಾತ್ರಿ ಸೇರಿದಂತೆ, ಒಂದೇ ಒಂದು ವಿಷಯ ಬರೆಯಿರಿ: ರೋಗಿಯ ಹತ್ತಿರ ಇರಬೇಕಾದ ನರ್ಸ್ ಬೇರೆ ಏನನ್ನು ಹುಡುಕಿಕೊಂಡು ಹೋದರು?

ಕೆಲಸ ಮಾಡುವ ಬಿಪಿ ಅಪರೇಟಸ್ ಎಲ್ಲಿ? ಪಕ್ಕದ ವಾರ್ಡಿನವರು ಒಯ್ದ ಇನ್ಫ್ಯೂಷನ್ ಪಂಪ್ ಬಂತೇ? ಲಿನನ್ (ಹಾಸುವ, ಹೊದೆಯುವ ಬಟ್ಟೆ) ಮುಗಿಯಿತೇ? ಔಷಧ ಬಂದಿಲ್ಲವೆಂದು ಫಾರ್ಮಸಿಗೆ ಎಷ್ಟು ಸಲ ಫೋನ್? ಡಾಕ್ಟರ್ ಬರೆದದ್ದು ಓದಲಾಗದೆ ಎಷ್ಟು ಸಲ ಹಿಂದೆ ಓಡಿದ್ದು? ಒಂದೊಂದೂ ಮೂರು ನಿಮಿಷ, ಐದು ನಿಮಿಷ. ವಾರದ ಕೊನೆಗೆ ಕೂಡಿಸಿದಾಗ ನಿಮ್ಮ ಕಣ್ಣು ನಿಮಗೇ ನಂಬಲಾಗದು.

ಆನಿಟಾ ಟಕರ್ ಮತ್ತು ಏಮಿ ಎಡ್ಮಂಡ್ಸನ್ ಎಂಬ ಸಂಶೋಧಕಿಯರು ಆಸ್ಪತ್ರೆಗಳಲ್ಲಿ ನರ್ಸ್‌ಗಳ ಬೆನ್ನ ಹಿಂದೆಯೇ ನಡೆದು ಇದನ್ನು ನೋಡಿದರು. 2003ರಲ್ಲಿ ಪ್ರಕಟವಾದ ಅವರ ಲೇಖನದಲ್ಲಿ ಒಂದು ಕಹಿಸತ್ಯ ಇದೆ. ಅಡಚಣೆ ಬಂದಾಗ ನರ್ಸ್‌ಗಳು ಬಹುತೇಕ ಪ್ರತಿಸಲವೂ ಹೇಗೋ ದಾರಿ ಮಾಡಿಕೊಂಡು ಕೆಲಸ ಮುಗಿಸುತ್ತಾರೆ. ಲಿನನ್ ಇಲ್ಲವೇ, ಪಕ್ಕದ ವಾರ್ಡಿನಿಂದ ತರುತ್ತಾರೆ. ರೋಗಿಗೆ ತೊಂದರೆಯಾಗುವುದಿಲ್ಲ, ನಿಜ. ಆದರೆ ಲಿನನ್ ಯಾಕೆ ಮುಗಿಯಿತು ಎಂಬ ಪ್ರಶ್ನೆ ಮೇಲಕ್ಕೆ ಹೋಗುವುದೇ ಇಲ್ಲ. ಈಗ ಪಕ್ಕದ ವಾರ್ಡಿನಲ್ಲಿ ಲಿನನ್ ಇಲ್ಲ! ನಾವು ‘ಎಂಥ ಚುರುಕು ಹುಡುಗಿ’ ಎಂದು ಮೆಚ್ಚುವ ಗುಣವೇ ತೂತನ್ನು ಮುಚ್ಚಿಡುವ ಪರದೆಯೂ ಆಗಿರುತ್ತದೆ.

ವಾರ ಮುಗಿದ ಮೇಲೆ ಪಟ್ಟಿಯಿಂದ ಒಂದನ್ನು ಆರಿಸಿ. ಎಲ್ಲಕ್ಕಿಂತ ದೊಡ್ಡದನ್ನಲ್ಲ, ಹದಿನೈದು ದಿನದಲ್ಲಿ ನಿಮ್ಮ ಕೈಯಲ್ಲೇ ಬಗೆಹರಿಯುವಂಥದ್ದನ್ನು. ಸರಿಪಡಿಸಿ, ಎಲ್ಲರಿಗೂ ತಿಳಿಯುವಂತೆ ಹೇಳಿ. ಉಳಿದವುಗಳ ಪಟ್ಟಿಯನ್ನು ನರ್ಸಿಂಗ್ ಸ್ಟೇಷನ್ನಿನಲ್ಲಿ ಅಂಟಿಸಿ, ಪ್ರತಿಯೊಂದರ ಮುಂದೆ ಯಾರಿಗೆ ಬರೆದಿದ್ದೀರಿ, ಯಾವ ತಾರೀಕಿಗೆ ಬರೆದಿದ್ದೀರಿ ಎಂದು ಹಾಕಿ. ಮೇಲಿನಿಂದ ‘ಆಗುವುದಿಲ್ಲ’ ಎಂದು ಬಂದರೆ ಅದನ್ನೂ ಬರೆಯಿರಿ. ‘ಆಗುವುದಿಲ್ಲ’ವನ್ನು ನರ್ಸ್‌ಗಳು ತಡೆದುಕೊಳ್ಳುತ್ತಾರೆ. ಉತ್ತರವೇ ಬಾರದಿರುವುದು ಅವರನ್ನು ಹಣ್ಣುಮಾಡುತ್ತದೆ.

ಹೆಜ್ಜೆ 2: ಕೈಗಳ ಲೆಕ್ಕ ಹಾಕಿ

ಲಿಂಡಾ ಏಕನ್ ಮತ್ತು ತಂಡ ಅಮೆರಿಕದ ಪೆನ್ಸಿಲ್ವೇನಿಯಾದ 168 ಆಸ್ಪತ್ರೆಗಳನ್ನು ಅಧ್ಯಯನ ಮಾಡಿ 2002ರಲ್ಲಿ ಪ್ರಕಟಿಸಿದ ಫಲಿತಾಂಶ ಈ ವಿಷಯದಲ್ಲಿ ಇವತ್ತಿಗೂ ಮೊದಲು ನೆನಪಿಗೆ ಬರುವಂಥದ್ದು. ಒಬ್ಬ ನರ್ಸಿನ ಪಾಲಿಗೆ ಒಬ್ಬ ರೋಗಿ ಹೆಚ್ಚಾದಂತೆ, ಶಸ್ತ್ರಚಿಕಿತ್ಸೆಯಾದ ರೋಗಿಗಳು 30 ದಿನದೊಳಗೆ ಸಾಯುವ ಸಂಭವ ಶೇ 7ರಷ್ಟು, ನರ್ಸ್ ದಣಿದು ಬೆಂದುಹೋಗುವ ಸಂಭವ ಶೇ 23ರಷ್ಟು ಹೆಚ್ಚು ಕಂಡಿತು. ಹೀಗಿರುವಾಗ ಇಬ್ಬರ ಕೆಲಸವನ್ನು ಒಬ್ಬರ ಮೇಲೆ ಹೇರಿ, ಆಮೇಲೆ ಒತ್ತಡ ನಿವಾರಣೆಯ ಶಿಬಿರಕ್ಕೆ ಕಳಿಸುವುದು ಮೂಗಿಗೆ ತುಪ್ಪ ಸವರುವ ಕೆಲಸ. ಅದೂ ಶಿಬಿರ ಆಫ್ ಇರುವ ದಿನವೇ ಇದ್ದರೆ ಕೇಳುವುದೇ ಬೇಡ.

ಹೊಸ ನೇಮಕಾತಿ ನಿಮ್ಮ ಕೈಯಲ್ಲಿಲ್ಲ, ಸರಿ. ಕೈಯಲ್ಲಿರುವುದು ಮೂರಿದೆ. ಒಂದು, ಬೆಡ್‌ಗಳನ್ನು ಸಂಖ್ಯೆಯಲ್ಲಿ ಹಂಚದೆ ಭಾರದಲ್ಲಿ ಹಂಚುವುದು. ನಾಲ್ಕು ಬೆಡ್ ಎಂದರೆ ನಾಲ್ಕೇ ಅಲ್ಲ, ಒಬ್ಬ ವೆಂಟಿಲೇಟರ್ ರೋಗಿ ಉಳಿದ ಮೂವರಿಗಿಂತ ಹೆಚ್ಚು ತೂಗಬಹುದು. ಎರಡು, ನರ್ಸ್ ಮಾಡಬೇಕಿಲ್ಲದ ಕೆಲಸವನ್ನು ಅವರಿಂದ ಬಿಡಿಸುವುದು: ಸ್ಯಾಂಪಲ್ ಒಯ್ಯುವುದು, ಬಿಲ್ಲಿಂಗ್‌ಗೆ ಫೋನ್ ಮಾಡುವುದು, ಇಂಡೆಂಟ್ (ಬೇಕಾದ ಸಾಮಾನಿನ ಬೇಡಿಕೆ ಚೀಟಿ) ಹಿಡಿದು ಸ್ಟೋರಿಗೆ ಅಲೆಯುವುದು. ಮೂರು, ಊಟದ ಬಿಡುವು. ‘ಆದಾಗ ಹೋಗಿಬನ್ನಿ’ ಎಂದರೆ ಯಾರೂ ಹೋಗುವುದಿಲ್ಲ. ಯಾರ ಬೆಡ್‌ಗಳನ್ನು ಯಾರು, ಯಾವ ಅರ್ಧ ಗಂಟೆ ನೋಡಿಕೊಳ್ಳುತ್ತಾರೆ ಎಂದು ಶಿಫ್ಟಿನ ಶುರುವಿನಲ್ಲೇ ಜೋಡಿ ಹಾಕಿ ಬರೆಯಿರಿ. ಮೊದಲ ವಾರ ನೀವೇ ಒಬ್ಬರ ಬೆಡ್‌ಗಳನ್ನು ನೋಡಿಕೊಂಡು ಅವರನ್ನು ಊಟಕ್ಕೆ ಅಟ್ಟಿ. ಇನ್‌ಚಾರ್ಜ್ ಏಪ್ರನ್ ಕಟ್ಟಿಕೊಂಡದ್ದನ್ನು ವಾರ್ಡ್ ವರ್ಷಗಟ್ಟಲೆ ನೆನಪಿಡುತ್ತದೆ.

ಹೆಜ್ಜೆ 3: ಡ್ಯೂಟಿ ಲಿಸ್ಟ್ ಎಂಬ ನ್ಯಾಯಪತ್ರ

ನ್ಯಾಯ ಎಂಬ ದೊಡ್ಡ ಪದ ವಾರ್ಡಿನಲ್ಲಿ ಒಂದು ಹಾಳೆಯ ರೂಪದಲ್ಲಿ ಗೋಡೆಯ ಮೇಲಿರುತ್ತದೆ. ಡ್ಯೂಟಿ ಲಿಸ್ಟ್ ಹಾಕಿದ ದಿನ ಅದರ ಮುಂದೆ ನಿಂತವರ ಮುಖ ನೋಡಿ. ಬೆಂಬಲ ಎಷ್ಟಿದೆ ಎಂದು ತಿಳಿಯಲು ಬೇರೆ ಪ್ರಶ್ನಾವಳಿ ಬೇಕಿಲ್ಲ.

ಕನಿಷ್ಠ ನಾಲ್ಕು ವಾರ ಮೊದಲೇ ಹಾಕಿ. ನೈಟ್, ಭಾನುವಾರ, ಹಬ್ಬದ ದಿನದ ಡ್ಯೂಟಿ ಯಾರಿಗೆ ಈ ವರ್ಷ ಎಷ್ಟು ಬಂದಿದೆ ಎಂಬ ಲೆಕ್ಕವನ್ನು ಲಿಸ್ಟಿನ ಪಕ್ಕದಲ್ಲೇ ತೂಗುಹಾಕಿ. ಇದಕ್ಕೆ ಇನ್‌ಚಾರ್ಜ್‌ಗಳು ಹೆದರುತ್ತಾರೆ, ‘ಜಗಳ ಶುರುವಾಗುತ್ತೆ’ ಎನ್ನುತ್ತಾರೆ. ಜಗಳ ಮೊದಲೇ ಇದೆ, ಅದು ಬಟ್ಟೆ ಬದಲಿಸುವ ಕೋಣೆಯಲ್ಲಿ ನಡೆಯುತ್ತಿದೆ, ಅಷ್ಟೆ. ಲೆಕ್ಕ ಗೋಡೆಯ ಮೇಲೆ ಬಂದರೆ ಅನುಮಾನಕ್ಕೆ ಜಾಗ ಕಡಿಮೆ.

ನೈಟ್ ಮುಗಿಸಿದವರಿಗೆ ಮರುದಿನವೇ ಬೆಳಗಿನ ಡ್ಯೂಟಿ ಹಾಕಬೇಡಿ. ಆಫ್ ಇರುವ ದಿನ ಫೋನ್ ಮಾಡಿ ಕರೆಯುವುದನ್ನು ಕೊನೆಯ ಉಪಾಯವಾಗಿಡಿ. ಕರೆಯಲೇಬೇಕಾದರೆ ಅದಕ್ಕೊಂದು ಸರದಿ ಇರಲಿ, ಬದಲಿ ಆಫ್ ಯಾವಾಗ ಎಂಬುದನ್ನು ಅದೇ ಫೋನಿನಲ್ಲಿ ಹೇಳಿ. ಡ್ಯೂಟಿ ಮುಗಿದ ಮೇಲೂ ‘ಇನ್ನೊಂದೆರಡು ಗಂಟೆ ನಿಲ್ಲಿ’ ಎನ್ನುವ ಮುಂಚೆ ಇದು ನೆನಪಿರಲಿ: 393 ಆಸ್ಪತ್ರೆ ನರ್ಸ್‌ಗಳು ತಾವೇ ಬರೆದಿಟ್ಟ ದಿನಚರಿಗಳನ್ನು ಆಧರಿಸಿ 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹನ್ನೆರಡೂವರೆ ಗಂಟೆ ಅಥವಾ ಅದಕ್ಕೂ ಹೆಚ್ಚು ದುಡಿದಾಗ ತಪ್ಪು ನಡೆಯುವ ಸಂಭವ ಸುಮಾರು ಮೂರು ಪಟ್ಟು ಕಂಡುಬಂದಿತ್ತು.

ಇಬ್ಬರು ತಮ್ಮೊಳಗೆ ಡ್ಯೂಟಿ ಬದಲಿಸಿಕೊಂಡರೆ, ಇಬ್ಬರ ಅನುಭವವೂ ಸರಿಹೊಂದುವಂತಿದ್ದರೆ, ತಡೆಯಬೇಡಿ. ನಿಮಗೆ ತಿಳಿಸಿದರೆ ಸಾಕು. ಅನುಮತಿಗಾಗಿ ನಿಮ್ಮ ಮುಂದೆ ಕೈಕಟ್ಟಿ ನಿಲ್ಲುವಂತೆ ಮಾಡಬೇಡಿ. ತಮ್ಮೊಳಗಿನ ಬದಲಾವಣೆಗಳು ಸಲೀಸಾದ ವಾರ್ಡಿನಲ್ಲಿ ಕೊಡುಕೊಳ್ಳುವ ಅಭ್ಯಾಸ ತಾನಾಗಿ ಬೆಳೆಯುವುದನ್ನು ನಾನು ಕಂಡಿದ್ದೇನೆ. ಡ್ಯೂಟಿಯಲ್ಲಿ ಶುರುವಾದದ್ದು ನಿಧಾನಕ್ಕೆ ಬೆಡ್ಡಿನ ಪಕ್ಕಕ್ಕೂ ಬರುತ್ತದೆ.

ಹೆಜ್ಜೆ 4: ತಪ್ಪಾದಾಗ ನಿಮ್ಮ ಬಾಯಿಂದ ಬರುವ ಮೊದಲ ಮಾತು

ಇದರ ಮೇಲೆ ನಿಲ್ಲುವಷ್ಟು ಬೇರೆ ಯಾವುದರ ಮೇಲೂ ವಾರ್ಡಿನ ವಿಶ್ವಾಸ ನಿಂತಿಲ್ಲ.

ಏಮಿ ಎಡ್ಮಂಡ್ಸನ್ 1996ರಲ್ಲಿ ಎರಡು ಆಸ್ಪತ್ರೆಗಳ ಎಂಟು ನರ್ಸಿಂಗ್ ಘಟಕಗಳ ಔಷಧ ತಪ್ಪುಗಳ ಬಗ್ಗೆ ಪ್ರಕಟಿಸಿದ ಅಧ್ಯಯನವನ್ನು ನಾನು ಹೊಸ ಇನ್‌ಚಾರ್ಜ್‌ಗಳಿಗೆ ತಪ್ಪದೆ ಹೇಳುತ್ತೇನೆ. ಒಳ್ಳೆಯ ನಾಯಕತ್ವ, ಒಳ್ಳೆಯ ಹೊಂದಾಣಿಕೆ ಇದ್ದ ಘಟಕಗಳಲ್ಲಿ ತಪ್ಪು ಕಡಿಮೆ ಇರಬಹುದು ಎಂದು ಅವರು ಎಣಿಸಿದ್ದರು. ಕಂಡದ್ದು ತಲೆಕೆಳಗಾಗಿ, ಅಂಥ ಘಟಕಗಳಲ್ಲೇ ತಪ್ಪುಗಳ ಸಂಖ್ಯೆ ಹೆಚ್ಚು. ಅವರು ಕಂಡುಕೊಂಡ ಕಾರಣ, ಅಲ್ಲಿ ತಪ್ಪನ್ನು ಹೇಳಿಕೊಳ್ಳಲು ಹೆದರಿಕೆ ಇರಲಿಲ್ಲ. ಉಳಿದ ಕಡೆ ತಪ್ಪು ಕಾಗದದ ಮೇಲೆ ಬರುತ್ತಲೇ ಇರಲಿಲ್ಲ.

ರಾತ್ರಿ ಮೂರಕ್ಕೆ ಫೋನ್ ಬರುತ್ತದೆ ಎಂದಿಟ್ಟುಕೊಳ್ಳಿ.

‘ಮೇಡಂ, 11ನೇ ಬೆಡ್ಡಿಗೆ ಹೋಗಬೇಕಿದ್ದ ಇಂಜೆಕ್ಷನ್ 12ಕ್ಕೆ ಹೋಗಿಬಿಡ್ತು.’

ಸಹಜವಾಗಿ ಬಾಯಿಗೆ ಬರುವುದು ‘ಕಣ್ಣು ಎಲ್ಲಿಟ್ಟಿದ್ರಿ?’ ನುಂಗಿಕೊಳ್ಳಿ. ಕೇಳಬೇಕಾದದ್ದು ಈ ಕ್ರಮದಲ್ಲಿ: ‘ರೋಗಿ ಈಗ ಹೇಗಿದ್ದಾರೆ? ಡ್ಯೂಟಿ ಡಾಕ್ಟರಿಗೆ ಹೇಳಿದ್ರಾ?’ ಆಮೇಲೆ ‘ನೀವು ಹೇಗಿದ್ದೀರಿ? ಉಳಿದ ಬೆಡ್‌ಗಳನ್ನು ಸ್ವಲ್ಪ ಹೊತ್ತು ಬೇರೆಯವರು ನೋಡ್ಕೋಬೇಕಾ?’ ಆಮೇಲೆ ‘ತಕ್ಷಣ ಹೇಳಿದ್ದು ಒಳ್ಳೆಯದಾಯ್ತು.’ ಅಷ್ಟೇ. ಏಕೆ ಆಯಿತು, ಹೇಗೆ ಆಯಿತು ಎಂಬುದು ಮರುದಿನದ ಮಾತು, ಅವರು ನಿದ್ದೆ ಮಾಡಿ ಎದ್ದ ಮೇಲೆ.

ಮರುದಿನದ ವಿಚಾರಣೆ ‘ಯಾರು’ ಎಂಬಲ್ಲಿಗೆ ನಿಲ್ಲಬಾರದು. ಎರಡು ಔಷಧಗಳ ಬಾಟಲಿ ಒಂದೇ ಥರ ಕಾಣುತ್ತಿದ್ದವೇ? ಆ ಹೊತ್ತಿನಲ್ಲಿ ಅವರ ಪಾಲಿಗೆ ಎಷ್ಟು ಬೆಡ್ ಇದ್ದವು? ಔಷಧ ತುಂಬುವಾಗ ಯಾರು ಮಾತಾಡಿಸಿದರು? ಇದರರ್ಥ ಎಲ್ಲಕ್ಕೂ ಮಾಫಿ ಎಂದಲ್ಲ. ಬೇಕೆಂದೇ ನಿಯಮ ಮುರಿದವರನ್ನೂ, ಮಾಡಿದ ತಪ್ಪನ್ನು ತಿದ್ದಿ ಬರೆದವರನ್ನೂ ಬೇರೆಯಾಗಿಯೇ ನೋಡಬೇಕು. ಆದರೆ ಅಂಥವರು ವಿರಳ. ಮಿಕ್ಕವರನ್ನು ಅವರ ತಕ್ಕಡಿಯಲ್ಲೇ ತೂಗಿದರೆ, ಮುಂದಿನ ಸಲ ಫೋನ್ ಬರುವುದಿಲ್ಲ. ತಪ್ಪು ಮಾತ್ರ ಆಗುತ್ತಲೇ ಇರುತ್ತದೆ.

ವೈದ್ಯ ಆಲ್ಬರ್ಟ್ ವೂ 2000ದಲ್ಲಿ ಬರೆದ ಒಂದು ಪುಟ್ಟ ಲೇಖನದಲ್ಲಿ, ತಪ್ಪು ಮಾಡಿದ ವೈದ್ಯರನ್ನು ‘ಎರಡನೆಯ ಬಲಿ’ ಎಂದು ಕರೆದರು. ಮೊದಲ ಪೆಟ್ಟು ರೋಗಿಗೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಈಗ ನರ್ಸ್‌ಗಳಿಗೂ ಬಳಕೆಯಾಗುವ ಈ ಮಾತಿನಲ್ಲಿ ಹುರುಳಿದೆ. ತಪ್ಪಾದ ಮೇಲೆ ಒಂಟಿಯಾಗಿ ಬಿಟ್ಟ ನರ್ಸ್ ಕೆಲಸ ಬಿಡದೇ ಇರಬಹುದು, ಆದರೆ ಒಳಗೊಳಗೇ ಹಿಂದೆ ಸರಿಯುತ್ತಾರೆ. ತಮ್ಮ ಬೆಡ್, ತಮ್ಮ ಸಹಿ, ಅಷ್ಟೇ. ಪಕ್ಕದ ಬೆಡ್ಡಿನ ಬೆಲ್ಲಿಗೆ ಎದ್ದು ಹೋಗಿ ಅಲ್ಲೇನಾದರೂ ಎಡವಟ್ಟಾದರೆ ಯಾರಿಗೆ ಬೇಕು? ‘ಅದು ನನ್ನ ಬೆಡ್ ಅಲ್ಲ’ ಎಂಬ ಮಾತು ಎಷ್ಟೋ ಸಲ ಸೋಮಾರಿತನದಿಂದ ಬಂದದ್ದಲ್ಲ, ಇಂಥ ಒಂದು ರಾತ್ರಿಯಿಂದ ಬಂದದ್ದು.

ಹೆಜ್ಜೆ 5: ಕೂಗಾಡುವವರ ಮುಂದೆ ನೀವು ನಿಲ್ಲಿ

ಚಿಕ್ಕ ಹೆಜ್ಜೆ, ಆದರೆ ಬಿಟ್ಟರೆ ಉಳಿದದ್ದೆಲ್ಲ ನೀರಿನಲ್ಲಿಟ್ಟ ಹೋಮ. ರೋಗಿಯ ಕಡೆಯವರೋ ಹಿರಿಯ ಡಾಕ್ಟರೋ ನರ್ಸಿನ ಮೇಲೆ ಎಲ್ಲರೆದುರು ಕೂಗಾಡುತ್ತಿದ್ದರೆ ಅಲ್ಲಿಗೆ ನಡೆದು ಹೋಗಿ, ನರ್ಸಿನ ಪಕ್ಕದಲ್ಲಿ ನಿಂತು ‘ನಾನು ಇಲ್ಲಿನ ಇನ್‌ಚಾರ್ಜ್, ನನ್ನ ಜೊತೆ ಮಾತಾಡಿ’ ಎನ್ನಿ. ನರ್ಸನ್ನು ಬೇರೆ ಕೆಲಸಕ್ಕೆ ಕಳಿಸಿ. ಯಾರದು ಸರಿ ಎಂಬ ತೀರ್ಮಾನ ಆಮೇಲೆ, ಬಾಗಿಲು ಹಾಕಿಕೊಂಡು. ಕೈ ಎತ್ತಿದವರ ವಿಷಯದಲ್ಲಿ ‘ಹೋಗಲಿ ಬಿಡಿ, ಅವರ ಸಂಕಟ ಅವರಿಗೆ’ ಎನ್ನಬೇಡಿ. ಬರವಣಿಗೆಯಲ್ಲಿ ದೂರು ಹೋಗಲಿ, ಅದನ್ನು ಬರೆಯುವ ಹೊರೆ ಪೆಟ್ಟು ತಿಂದವರ ಮೇಲೆ ಬೀಳದಿರಲಿ.

ಹೆಜ್ಜೆ 6: ನೆರವನ್ನು ಕೇಳುವುದು ಸುಲಭ ಮಾಡಿ, ಕಡ್ಡಾಯ ಮಾಡಬೇಡಿ

ಇಲ್ಲಿಯವರೆಗಿನದು ಹೊಲ ಹದ ಮಾಡಿದಂತೆ. ಇನ್ನು ಬಿತ್ತನೆ.

ನರ್ಸ್‌ಗಳು ನೆರವು ಕೇಳದಿರುವುದಕ್ಕೆ ದೊಡ್ಡ ಕಾರಣ, ಕೇಳಿದರೆ ‘ಕೈಲಾಗದವರು’ ಎಂದಾಗುತ್ತದೆ ಎಂಬ ಅಳುಕು. ಅದಕ್ಕೊಂದು ಉಪಾಯವಿದೆ. ಶಿಫ್ಟಿನ ನಡುವೆ ಒಂದು ನಿಗದಿತ ಹೊತ್ತಿನಲ್ಲಿ, ನಿಂತಲ್ಲೇ ಎರಡು ನಿಮಿಷ ಎಲ್ಲರೂ ಸೇರಲಿ. ಪ್ರತಿಯೊಬ್ಬರೂ ಒಂದೇ ಮಾತು ಹೇಳಲಿ: ‘ಸಾಗ್ತಾ ಇದೆ’, ‘ಬಿಗಿಯಾಗಿದೆ’, ಅಥವಾ ‘ಮುಳುಗಿದ್ದೀನಿ’. ಎಲ್ಲರೂ ಹೇಳಲೇಬೇಕಾದ್ದರಿಂದ ಹೇಳುವುದು ದೌರ್ಬಲ್ಯ ಅನ್ನಿಸುವುದಿಲ್ಲ. ಒಬ್ಬರು ಮುಳುಗಿದ್ದಾರೆ ಎಂದರೆ ಯಾರು ಏನು ಎತ್ತಿಕೊಳ್ಳುತ್ತಾರೆ ಎಂದು ಅಲ್ಲೇ ಹಂಚಿ. ಮೊದಮೊದಲು ಎಲ್ಲರೂ ‘ಸಾಗ್ತಾ ಇದೆ’ ಎಂದೇ ಹೇಳುತ್ತಾರೆ. ಒಂದು ದಿನ ನೀವೇ ‘ನಾನಿವತ್ತು ಮುಳುಗಿದ್ದೀನಿ, ಈ ಸ್ಟಾಕ್ ಲೆಕ್ಕಕ್ಕೆ ಯಾರಾದ್ರೂ ಕೈ ಕೊಡ್ತೀರಾ’ ಎಂದು ನೋಡಿ. ಆಮೇಲೆ ಬಾಯಿ ಬಿಡುತ್ತಾರೆ.

ಹೊಸದಾಗಿ ಸೇರಿದವರಿಗೆ ಹೆಸರು ಹಿಡಿದು ಒಬ್ಬರನ್ನು ಜೋಡಿ ಮಾಡಿ. ‘ಯಾರನ್ನಾದರೂ ಕೇಳಿ’ ಎಂದರೆ ಹೊಸಬರು ಯಾರನ್ನೂ ಕೇಳುವುದಿಲ್ಲ. ಹಾಗೆ ಜೋಡಿಯಾದ ಹಿರಿಯರ ಪಾಲಿನ ಬೆಡ್ ಒಂದೆರಡು ಕಡಿಮೆಯೂ ಆಗಬೇಕು. ಕಲಿಸುವುದು ಪುಕ್ಕಟೆಯಲ್ಲ.

ಈಗ ಎಚ್ಚರಿಕೆಯ ಮಾತು. ನೆರವು ಚೆನ್ನಾಗಿ ನಡೆಯತೊಡಗಿದ ಕೂಡಲೇ ಆಡಳಿತಕ್ಕೆ ಅದನ್ನು ನಿಯಮ ಮಾಡುವ ಆಸೆ ಹುಟ್ಟುತ್ತದೆ. ‘ನೀವು ಹೇಗಿದ್ದರೂ ಸುಧಾರಿಸ್ತೀರಲ್ಲ’ ಎಂದು ಖಾಲಿಯಾದ ಹುದ್ದೆ ಖಾಲಿಯೇ ಉಳಿಯುತ್ತದೆ. ಇಷ್ಟವಿದ್ದು ಮಾಡಿದ್ದು ಹೀಗೆ ಒತ್ತಾಯವಾದಾಗ ಏನಾಗುತ್ತದೆ ಎಂಬುದನ್ನು ಎರಾನ್ ವಿಗೋಡಾ-ಗಡೋಟ್ 2006ರ ಸುಮಾರಿಗೆ ‘ಕಡ್ಡಾಯ ನೆರವು’ ಎಂಬ ಅರ್ಥದ ಹೆಸರಿಟ್ಟು ಚರ್ಚಿಸಿದರು. ಅದರ ಸುತ್ತ ಬೆಳೆಯುವುದು ಒತ್ತಡ, ಬೇಸರ, ಕೆಲಸ ಬಿಡುವ ಯೋಚನೆ. ಮೇಲುನೋಟಕ್ಕೆ ಎರಡೂ ಒಂದೇ. ಒಳಗಿನ ಫಲ ಪೂರಾ ಬೇರೆ.

ಇನ್ನೊಂದು ಅಪಾಯ ಇನ್ನೂ ಸದ್ದಿಲ್ಲದ್ದು. ನೆರವಾಗುವವರು ಯಾವಾಗಲೂ ಅದೇ ಇಬ್ಬರು. ಯಾರಿಗೂ ಇಲ್ಲ ಎನ್ನಲಾರದವರು, ಅಥವಾ ಕೆಲಸ ಇನ್ನೂ ಕಾಯಂ ಆಗದ ಕಾರಣ ಇಲ್ಲ ಎನ್ನುವಂತಿಲ್ಲದವರು. ದುಡಿಯುವ ಎತ್ತಿನ ಮೇಲೇ ಮತ್ತೆ ಮತ್ತೆ ಹೇರುತ್ತಾ ಹೋದರೆ ಒಂದು ದಿನ ಅದು ಕುಸಿಯುತ್ತದೆ, ಆಗ ನಾವು ‘ಅಯ್ಯೋ, ಎಷ್ಟು ಒಳ್ಳೆಯವರಿದ್ದರು’ ಎನ್ನುತ್ತೇವೆ. ನಿಮ್ಮ ಜೇಬು ಪುಸ್ತಕದಲ್ಲಿ ತಿಂಗಳಿಗೊಮ್ಮೆ ಬರೆಯಿರಿ: ಈ ತಿಂಗಳು ಬೇರೆಯವರ ಕೆಲಸ ಹೊತ್ತವರು ಯಾರು? ಅದೇ ಹೆಸರು ಮೂರು ತಿಂಗಳು ಸತತ ಬಂದರೆ ಅವರನ್ನು ಕರೆದು ‘ಮುಂದಿನ ತಿಂಗಳು ನೀವು ಯಾರಿಗೂ ಡ್ಯೂಟಿ ಬದಲಿಸಿಕೊಡಬೇಡಿ, ನಾನೇ ಬೇಡ ಅಂದೆ ಅಂತ ಹೇಳಿ’ ಎನ್ನಿ. ಇಲ್ಲ ಎನ್ನಲು ಒಂದು ನೆಪ ಕೊಡುವುದೂ ಬೆಂಬಲವೇ.

ನೆರವಿಗೆ ವಾರ್ಷಿಕ ಮೌಲ್ಯಮಾಪನದಲ್ಲಿ ಅಂಕ ಕೊಡುವುದನ್ನು ನಾನಂತೂ ಒಪ್ಪುವುದಿಲ್ಲ. ಅಂಕ ಬಂದ ಕೂಡಲೇ ನೆರವು ಇನ್‌ಚಾರ್ಜ್ ಎದುರಿಗಿರುವಾಗ ಮಾತ್ರ ನಡೆಯುತ್ತದೆ. ಮೆಚ್ಚುಗೆಯನ್ನು ಆಯಾ ದಿನವೇ, ಏನು ಮಾಡಿದರು ಎಂದು ಬಿಡಿಸಿ ಹೇಳಿ. ‘ಒಳ್ಳೇ ಕೆಲಸ’ ಎಂದರೆ ಏನೂ ಹೇಳಿದಂತಲ್ಲ. ‘ನಿನ್ನೆ ನೀವು 7ನೇ ಬೆಡ್ಡಿನ ಅಜ್ಜಿಯ ಉಸಿರಾಟ ಬದಲಾದದ್ದನ್ನು ಗಮನಿಸಿ ಕರೆದಿರಲ್ಲ, ಅದರಿಂದ ಬೇಗ ಐಸಿಯುಗೆ ಕಳಿಸೋಕಾಯ್ತು’ ಎಂದರೆ ಅದು ಮನೆಯವರೆಗೂ ಜೊತೆಗೆ ಹೋಗುತ್ತದೆ. ಮೇ 12ರ ನರ್ಸ್‌ಗಳ ದಿನ ಕೇಕ್ ಕತ್ತರಿಸಿ, ಬೇಡ ಎನ್ನುವುದಿಲ್ಲ. ನೈಟ್ ಡ್ಯೂಟಿಯವರಿಗೂ ಒಂದು ತುಂಡು ಎತ್ತಿಡಿ.

ಹೆಜ್ಜೆ 7: ಮೂರು ತಿಂಗಳ ಮೇಲೆ ಅಳೆಯಿರಿ

ಕೆಲಸದಲ್ಲಿನ ತೊಡಗುವಿಕೆಯನ್ನು ಅಳೆಯಲು ವಿಲ್ಮಾರ್ ಷೌಫೆಲಿ, ಆರ್ನಾಲ್ಡ್ ಬಾಕರ್ ಮೊದಲಾದವರು ರೂಪಿಸಿದ ಪ್ರಶ್ನಾವಳಿ ಬಹಳ ಬಳಕೆಯಲ್ಲಿದೆ. 17 ಪ್ರಶ್ನೆಗಳದ್ದೊಂದು, 9 ಪ್ರಶ್ನೆಗಳ ಚಿಕ್ಕದೊಂದು. ಹುರುಪು, ಸಮರ್ಪಣೆ, ತಲ್ಲೀನತೆ ಎಂಬ ಮೂರನ್ನು ಅದು ಹುಡುಕುತ್ತದೆ. ಮೂರನೆಯದನ್ನು ವಾರ್ಡಿನಲ್ಲಿ ಸ್ವಲ್ಪ ಹುಷಾರಾಗಿ ಓದಿಕೊಳ್ಳಿ. ಐದು ನಿಮಿಷಕ್ಕೊಮ್ಮೆ ಯಾರಾದರೂ ಕರೆಯುವ ಜಾಗದಲ್ಲಿ ಹೊತ್ತು ಹೋದದ್ದೇ ತಿಳಿಯದಷ್ಟು ಮುಳುಗುವುದು ಹೇಗೆ? ಹಾಗೆ ಮುಳುಗಿದರೆ ಅದು ಸುರಕ್ಷಿತವೂ ಅಲ್ಲ.

ಪ್ರಶ್ನಾವಳಿ ಹಂಚುವುದಾದರೆ ಗುಟ್ಟಿನ ಬಗ್ಗೆ ನಿಜವಾಗಿ ಯೋಚಿಸಿ. ಒಂಬತ್ತು ಜನರ ವಾರ್ಡಿನಲ್ಲಿ ವಯಸ್ಸು, ಅನುಭವ, ಗಂಡೋ ಹೆಣ್ಣೋ ಎಂದು ಕೇಳಿದಿರೋ, ಹೆಸರು ಬರೆಸಿಕೊಂಡಂತೆಯೇ ಆಯಿತು. ಇಡೀ ವಾರ್ಡಿನಲ್ಲಿ ಇರುವ ಬ್ರದರ್ ಒಬ್ಬರೇ ಆದರೆ ಅವರು ಏನು ಬರೆದಾರು? ಅಂಥ ಪ್ರಶ್ನೆ ಬಿಟ್ಟುಬಿಡಿ, ಕಾಗದಗಳು ನಿಮ್ಮ ಕೈಗೆ ಬರದೆ ಬೇರೆ ವಿಭಾಗದವರ ಕೈಗೆ ಹೋಗಲಿ.

ಪ್ರಶ್ನಾವಳಿ ಇಲ್ಲದೆಯೂ ಕಾಣುವ ಗುರುತುಗಳಿವೆ. ದಿಢೀರ್ ಸಿಕ್ ಲೀವ್‌ಗಳು ಯಾವ ಡ್ಯೂಟಿಯ ಅಕ್ಕಪಕ್ಕ ಗುಂಪುಗೂಡುತ್ತಿವೆ? ಊಟದ ಬಿಡುವು ಎಷ್ಟು ದಿನ ನಿಜಕ್ಕೂ ಸಿಕ್ಕಿತು? ವರ್ಗ ಕೇಳಿದವರು ಎಷ್ಟು ಜನ, ನಿಮ್ಮ ವಾರ್ಡನ್ನೇ ಬೇಕೆಂದು ಕೇಳಿ ಬಂದವರು ಎಷ್ಟು? ಮೀಟಿಂಗಿನಲ್ಲಿ ಕಿರಿಯರು ಮಾತಾಡಿದರೇ? ಇನ್ನು ತಪ್ಪುಗಳ ವರದಿ. ಮೊದಲ ತಿಂಗಳುಗಳಲ್ಲಿ ಆ ಸಂಖ್ಯೆ ಏರಿದರೆ ಗಾಬರಿಯಾಗಬೇಡಿ, ಏರುವುದೇ ಒಳ್ಳೆಯ ಸುದ್ದಿ ಇರಬಹುದು. ರೋಗಿಗೆ ನಿಜವಾಗಿ ಹಾನಿಯಾದ ಪ್ರಕರಣಗಳನ್ನು ಮಾತ್ರ ಬೇರೆ ಎಣಿಸಿ. ಇದನ್ನು ನಿಮ್ಮ ಮೇಲಿನವರಿಗೂ ಮೊದಲೇ ವಿವರಿಸಿಡಿ, ಇಲ್ಲವಾದರೆ ಏರಿದ ಸಂಖ್ಯೆ ನೋಡಿ ಮೊದಲ ನೋಟಿಸು ನಿಮಗೇ ಬರುತ್ತದೆ.

ಕೊನೆಗೆ, ನಿಮ್ಮ ಪಾಲಿನದು

ಇಷ್ಟೆಲ್ಲ ಮಾಡಬೇಕಾದ ಇನ್‌ಚಾರ್ಜ್‌ಗೆ ಆಸರೆ ಯಾರು? ತಮಗೆ ಸಂಸ್ಥೆಯ ಬೆಂಬಲ ಇದೆ ಎಂದುಕೊಂಡ ಮೇಲ್ವಿಚಾರಕರ ಕೈಕೆಳಗಿನವರು ತಮಗೂ ಬೆಂಬಲ ಇದೆ ಎನ್ನುತ್ತಾರೆ ಎಂದು ಐಸೆನ್‌ಬರ್ಗರ್ ಮತ್ತು ಲಿಂಡಾ ಶಾನಾಕ್ 2006ರಲ್ಲಿ ತೋರಿಸಿದರು. ಅವರು ನೋಡಿದ್ದು ಆಸ್ಪತ್ರೆಯನ್ನಲ್ಲ, ಅಂಗಡಿ ಮಳಿಗೆಗಳನ್ನು. ಆದರೆ ಮೇಲಿನಿಂದ ಬೈಸಿಕೊಂಡು ಬಂದ ಬೆಳಿಗ್ಗೆ ನಾನು ವಾರ್ಡಿನಲ್ಲಿ ಹೇಗೆ ಮಾತಾಡುತ್ತಿದ್ದೆ ಎಂದು ನೆನೆದರೆ ನನಗೆ ಬೇರೆ ಸಾಕ್ಷಿ ಬೇಕಾಗುವುದಿಲ್ಲ.

ಹಾಗಾಗಿ ಬೇರೆ ವಾರ್ಡುಗಳ ಇಬ್ಬರು ಇನ್‌ಚಾರ್ಜ್‌ಗಳನ್ನು ಜೊತೆ ಮಾಡಿಕೊಳ್ಳಿ. ರಾತ್ರಿಯ ಫೋನನ್ನು ಮೂವರೂ ಸರದಿಯಲ್ಲಿ ಹಿಡಿಯಿರಿ. ಯಾವ ರಾತ್ರಿ ಯಾರಿಗೆ ಫೋನ್ ಮಾಡಬೇಕು ಎಂದು ಡ್ಯೂಟಿ ಲಿಸ್ಟಿನ ಕೆಳಗೆ ಹೆಸರು, ನಂಬರ್ ಸಮೇತ ಬರೆದು ಅಂಟಿಸಿ. ನಿಮ್ಮ ಸರದಿ ಇಲ್ಲದ ರಾತ್ರಿಗಳಲ್ಲಿ ಫೋನನ್ನು ಹಾಸಿಗೆಯ ಪಕ್ಕದಿಂದ ತೆಗೆದು ಬೇರೆ ಕೋಣೆಯಲ್ಲಿಡಿ.